ಬಾಕಿ ಎರಡು ಆಟೋ

ಅವರು ಎಣಿಸುತ್ತಿದ್ದದ್ದು ಕನ್ನಡದಲ್ಲಿ. ಧಾರವಾಡ ಬಿಟ್ಟು ಕೋಲ್ಕತ್ತಾಕ್ಕೆ ಬಂದು ನಲವತ್ತು ವರ್ಷ ದಾಟಿತ್ತು. ತರಕಾರಿಯವನ ಜೊತೆ ಬಂಗಾಳಿಯಲ್ಲಿ ಜಗಳಕ್ಕೆ ನಿಂತರೆ ಗರಿಯಾಹಾಟ್ ಮಾರುಕಟ್ಟೆಯ ಅರ್ಧ ಜನ ಕೆಲಸ ಬಿಟ್ಟು ಕೇಳುತ್ತಿದ್ದರು. ಪಾಠ ಮಾಡುತ್ತಿದ್ದದ್ದೂ ಬಂಗಾಳಿಯಲ್ಲೇ. ಆದರೆ ಹಲಗೆಯ ಮೇಲೆ ಸಾಲು ಹಾಕಿ ಎಣಿಸಲು ನಿಂತರೋ, ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡುತ್ತ "ಒಂದು, ಎರಡು, ಮೂರು" ಶುರುವಾಗುತ್ತಿತ್ತು. ಕ್ಯಾನಿಂಗ್ ಲೈನಿನ ಲೋಕಲ್ ಹಿಡಿದು ಬರುತ್ತಿದ್ದ ಹುಡುಗಿಯರು, ಕರ್ನಾಟಕ ಯಾವ ದಿಕ್ಕಿಗಿದೆ ಎಂದು ತಿಳಿಯದವರು, ಇಪ್ಪತ್ತರ ತನಕ ಕನ್ನಡ ಎಣಿಕೆ ಕಲಿತುಬಿಟ್ಟಿದ್ದರು. ನನ್ನ ಮಗನಿಗೆ ಇವತ್ತಿಗೂ ಹನ್ನೊಂದಾದ ಮೇಲೆ ತಡವರಿಕೆ.

ಅವರು ತೀರಿಕೊಂಡು ನಾಲ್ಕು ತಿಂಗಳಾಯಿತು. ಹಳೆಯ ವಿದ್ಯಾರ್ಥಿನಿಯರು ಸೇರಿ ಒಂದು ನೆನಪಿನ ಹೊತ್ತಿಗೆ ತರುತ್ತಿದ್ದಾರೆ. ನನ್ನನ್ನೂ ಒಂದು ಪುಟ ಇಂಗ್ಲಿಷಿನಲ್ಲಿ ಬರೆದುಕೊಡಿ ಎಂದರು. ನಿಷ್ಠೆ, ಸರಳತೆ, ತ್ಯಾಗ ಎಂದೆಲ್ಲ ಬರೆದು ಓದಿದರೆ ಅದು ಯಾರ ಬಗ್ಗೆ ಬೇಕಾದರೂ ಆಗಬಹುದಿತ್ತು. ಹರಿದು ಹಾಕಿದೆ. ಅವರ ಬಗ್ಗೆ ಬರೆಯಬೇಕಾದರೆ ಮೊದಲು ನನ್ನ ಬಗ್ಗೆ ಒಂದು ಮಾತು ಹೇಳಬೇಕಾಗುತ್ತದೆ, ಅದನ್ನು ಇಂಗ್ಲಿಷಿನಲ್ಲಿ ಹೇಳಿದರೆ ತಪ್ಪಿಸಿಕೊಂಡ ಹಾಗೆ. ಹೆಸರು ಹಾಕುವುದಿಲ್ಲ. ಇಷ್ಟು ವರ್ಷ ತಾವೇ ತಯಾರಿಸಿದ ಪ್ರಶ್ನೆಪತ್ರಿಕೆಯ ಮೇಲೂ ತಮ್ಮ ಹೆಸರು ಹಾಕಲು ಅವರು ಬಿಟ್ಟವರಲ್ಲ.

ನನಗೆ ಅವರು ಸಿಕ್ಕಿದ್ದು ಒಂದು ನವೆಂಬರಿನಲ್ಲಿ, ಕನ್ನಡದವರೊಬ್ಬರ ಮನೆಯ ರಾಜ್ಯೋತ್ಸವದ ಊಟದಲ್ಲಿ. ನನ್ನ ಗಂಡನಿಗೆ ರೈಲ್ವೆಯಲ್ಲಿ ವರ್ಗವಾಗಿ ನಾವು ಮೈಸೂರಿನಿಂದ ಬಂದು ಆಗಷ್ಟೇ ಎರಡು ತಿಂಗಳಾಗಿತ್ತು. ಗಣಿತದಲ್ಲಿ ಎಂ.ಎಸ್ಸಿ. ಮಾಡಿದ್ದೇನೆ ಎಂದು ಯಾರಿಗೋ ಹೇಳುತ್ತಿದ್ದೆ. ಬಿಸಿಬೇಳೆಭಾತಿನ ತಟ್ಟೆ ಹಿಡಿದಿದ್ದ ಒಬ್ಬ ಕುಳ್ಳನೆಯ ಹೆಂಗಸು ತಿರುಗಿ ನೋಡಿದರು. ಬಿಳಿ ಕೂದಲು, ನೀಲಿ ಅಂಚಿನ ಹತ್ತಿ ಸೀರೆ. ಬಂಗಾಳಿ ಹೆಂಗಸರ ಹಾಗೆ ಸೆರಗಿನ ತುದಿಗೆ ಕೀಲಿಕೈ ಗೊಂಚಲು ಕಟ್ಟಿಕೊಂಡಿದ್ದರು. ಅದನ್ನು ಬಿಚ್ಚಿ ನನ್ನ ಮುಂದೆ ಹಿಡಿದರು.

"ಐದು ಕೀಲಿ ಅವ. ಈ ಬಳಿಯೊಳಗ ಎಷ್ಟು ಥರಾ ಪೋಣಿಸಬಹುದು, ಹೇಳು ನೋಡೋಣು."

ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ನಾನು ಬಿಗುಮಾನದಿಂದ, "ವೃತ್ತದಲ್ಲಿ ಐದು ವಸ್ತು ಅಂದ್ರೆ ನಾಲ್ಕು ಫ್ಯಾಕ್ಟೋರಿಯಲ್, ಇಪ್ಪತ್ನಾಲ್ಕು ಮೇಡಂ" ಎಂದೆ. ಅವರು ಗೊಂಚಲನ್ನು ಅಂಗೈಯಲ್ಲಿಟ್ಟು ಮಗುಚಿ ಹಾಕಿದರು. ಎಡಕ್ಕಿದ್ದ ಕೀಲಿ ಬಲಕ್ಕೆ ಹೋಯಿತು. ಗೊಂಚಲು ಅದೇ. ನನ್ನ ಮುಖ ಬಿಸಿಯಾಯಿತು.

"ಹನ್ನೆರಡು," ಎಂದೆ.

"ಹಾಂ. ಸೂತ್ರ ಅಂದ್ರ ಯಾರೋ ಎಣಿಸಿ ಬಿಟ್ಟ ಎಂಜಲು. ಮೊದಲ ಕೈಲೆ ಹಿಡದು ನೋಡಬೇಕು. ಸೋಮವಾರ ಬಾ. ಮತ್ತ ಮೇಡಂ ಅನಬ್ಯಾಡ, ನಮ್ಮ ಕಡೆ ಸಾಲ್ಯಾಗ ಕಲಿಸೋರಿಗೆ ಅಕ್ಕೋರು ಅಂತಾರ."

ಹೀಗೆ ನಾನು ಅಕ್ಕೋರ ಕೈಕೆಳಗೆ ಕೆಲಸಕ್ಕೆ ಸೇರಿದೆ. ಸೀರೆ ಅಂಗಡಿಯ ಮೇಲಿನ ಎರಡು ಕೋಣೆ. ಬಾರಾನಗರದ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಓದಲು ಬಂದು, ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕಲಿಸಿ, ನಿವೃತ್ತರಾದ ಮೇಲೆ ಅವರು ಅಲ್ಲಿ ಪಾಠ ನಡೆಸುತ್ತಿದ್ದರು. ಅದರ ಜೊತೆಗೆ ವರ್ಷಕ್ಕೊಂದು ದೊಡ್ಡ ಜವಾಬ್ದಾರಿ. ಬಿಬಿಡಿ ಬಾಗ್‌ನಲ್ಲಿ ಕಚೇರಿಯಿದ್ದ ಒಂದು ಟ್ರಸ್ಟು ಲೋಕಲ್ ರೈಲಿನ ಊರುಗಳಿಂದ ಆರು ಹುಡುಗಿಯರನ್ನು ಆರಿಸಿ, ನಗರದ ಹಾಸ್ಟೆಲಿನಲ್ಲಿಟ್ಟು ಎರಡು ವರ್ಷ ಓದಿಸುತ್ತಿತ್ತು. ಆರಿಸುವ ಪರೀಕ್ಷೆ ಅಕ್ಕೋರದು. ಇಪ್ಪತ್ತು ಪ್ರಶ್ನೆ, ಎಲ್ಲವೂ ಎಣಿಸುವ ಲೆಕ್ಕ: ಎಷ್ಟು ಬಗೆಯಲ್ಲಿ ಆರಿಸಬಹುದು, ಎಷ್ಟು ಬಗೆಯಲ್ಲಿ ಜೋಡಿಸಬಹುದು. ಉತ್ತರ ಒಂದೇ ಸಂಖ್ಯೆ. ಸರಿಯಾದರೆ ಒಂದಂಕ, ಇಲ್ಲದಿದ್ದರೆ ಇಲ್ಲ.

ಈ ಪರೀಕ್ಷೆಗೆ ಅವರದೊಂದು ಕಟ್ಟುನಿಟ್ಟಿನ ಪದ್ಧತಿ. ಪ್ರತಿ ಪ್ರಶ್ನೆಯನ್ನೂ ಇಬ್ಬರು ಎಣಿಸಬೇಕು. ಬೇರೆ ಬೇರೆ ಕೋಣೆಯಲ್ಲಿ ಕೂತು, ಬೇರೆ ಬೇರೆ ದಾರಿಯಲ್ಲಿ. ಉತ್ತರವನ್ನು ಚೀಟಿಯಲ್ಲಿ ಬರೆದು ಮಡಚಿ ಸ್ಟೀಲ್ ಡಬ್ಬಿಗೆ ಹಾಕಬೇಕು. ಕೊನೆಯಲ್ಲಿ ಇಬ್ಬರೂ ಎದುರುಬದುರು ಕೂತು ಚೀಟಿ ಬಿಚ್ಚಬೇಕು. "ಒಂದ ದಾರೀಲೆ ಎರಡು ಸಲ ಎಣಿಸಿದ್ರ ಅದು ಎರಡನೇ ಎಣಿಕೆ ಅಲ್ಲ. ಮೊದಲನೇ ತಪ್ಪಿನ ನಕಲು," ಎನ್ನುತ್ತಿದ್ದರು.

ಒಂದು ವರ್ಷ ದುರ್ಗಾಪೂಜೆಯ ಅಷ್ಟಮಿಯ ದಿನ ನಮ್ಮ ಚೀಟಿಗಳು ಒಂದರಿಂದ ತಪ್ಪಿದವು. ಊರಿಗೆ ಊರೇ ಹೊಸ ಬಟ್ಟೆಯಲ್ಲಿ ಪಂಡಾಲು ಸುತ್ತುತ್ತಿತ್ತು, ಕೆಳಗೆ ಢಾಕ್ ಡೋಲಿನ ಸದ್ದಿಗೆ ಕಿಟಕಿಯ ಗಾಜು ನಡುಗುತ್ತಿತ್ತು. ನಾವಿಬ್ಬರು ನೆಲದ ಮೇಲೆ ಹಾಳೆ ಹರಡಿಕೊಂಡು ಮೂರು ಗಂಟೆ ಕೂತೆವು. ತಪ್ಪಿದ್ದು ಅವರೇ. ಅದು ಗೊತ್ತಾದಾಗ ಅವರ ಮುಖ ನೋಡಬೇಕಿತ್ತು. ಹತ್ತು ವರ್ಷ ಚಿಕ್ಕವರಾದಂತೆ ಎದ್ದು ಕೂತರು. "ಸಿಕ್ಕ ನೋಡು ಕಳ್ಳ!" ಎಂದು ನನ್ನ ಬೆನ್ನಿಗೆ ಗುದ್ದಿದರು. ಕೆಳಗೆ ಕರೆದುಕೊಂಡು ಹೋಗಿ ಫುಚ್ಕಾ, ಅಂದರೆ ಇಲ್ಲಿಯ ಪಾನಿಪುರಿ, ಕೊಡಿಸಿದರು. ತಮ್ಮ ತಪ್ಪನ್ನು ಹಿಡಿದವರನ್ನು ಇಷ್ಟು ಪ್ರೀತಿಸುವ ಮನುಷ್ಯರನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಇದನ್ನು ಇಲ್ಲೇ ಹೇಳುತ್ತಿರುವುದು ಏಕೆಂದರೆ, ಮುಂದೆ ನಾನು ಮಾಡಿದ್ದಕ್ಕೆ ಭಯ ಎಂಬ ನೆಪವೂ ಇಲ್ಲ.

ಸಿಟ್ಟು ಮಾತ್ರ ಬಹಳ. ಬರೆಯದೆ ಬಾಯಲ್ಲಿ ಉತ್ತರ ಹೇಳಿದ ಹುಡುಗಿಯ ಕೈಗೆ ಸೀಮೆಸುಣ್ಣ ಕೊಟ್ಟು ಹಲಗೆಯ ಮುಂದೆ ನಿಲ್ಲಿಸುತ್ತಿದ್ದರು. ನೂರಿಪ್ಪತ್ತು ಸಾಲಾದರೂ ಬರೆದೇ ತೋರಿಸಬೇಕು. ಅಕ್ಕೋರನ್ನು ದಿದಿಮೊನಿ ಎಂದೇ ಕರೆಯುತ್ತಿದ್ದ ಹುಡುಗಿಯರು "ದಿದಿಮೊನಿ, ಕೈ ನೋಯುತ್ತೆ" ಎಂದು ಅಳುಮೋರೆ ಹಾಕಿದರೆ, ನೋಯಲಿ, ಕೈಗೆ ನೋವಾದದ್ದು ತಲೆಗೆ ನೆನಪಿರುತ್ತದೆ ಎನ್ನುವರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, "ಎಣಿಸಲಿಕ್ಕೆ ವ್ಯಾಳ್ಯಾ ಸಿಗಲಿಲ್ಲ" ಎಂದು ಬಿಟ್ಟರು. ಅದು ತಮಾಷೆಯೋ ನಿಜವೋ ನನಗೆ ಕೊನೆಗೂ ಗೊತ್ತಾಗಲಿಲ್ಲ.

ಈಗ ಆ ದಿನದ ಮಾತು. ಅದಾದ ಮೇಲೂ ಒಂಬತ್ತು ವರ್ಷ ಅವರ ಜೊತೆ ಕೆಲಸ ಮಾಡಿದೆ. ಆದರೆ ಅಕ್ಕೋರು ಎಂದರೆ ನನಗೆ ಆ ಒಂದು ದಿನವೇ.

ಆ ವರ್ಷದ ಇಪ್ಪತ್ತನೇ ಪ್ರಶ್ನೆ ಶೇರ್ ಆಟೋದ್ದು. ಇಲ್ಲಿನ ಆಟೋಗಳಲ್ಲಿ ನಾಲ್ವರು ಕೂರುತ್ತಾರೆ, ಹಿಂದೆ ಮೂವರು, ಮುಂದೆ ಡ್ರೈವರನ ಎಡಕ್ಕೆ ಒಬ್ಬರು. ಬಲಗಡೆಗೆ ಕಬ್ಬಿಣದ ಸರಳು ಹಾಕಿರುವುದರಿಂದ ಹತ್ತುವುದು ಇಳಿಯುವುದು ಎಡಗಡೆಯಿಂದ ಮಾತ್ರ. ಒಳಗೆ ಕೂತವರು ಮೊದಲು ಇಳಿಯಬೇಕೆಂದರೆ ಪಕ್ಕದವರು ಗೊಣಗುತ್ತ ಇಳಿದು ದಾರಿ ಬಿಡಬೇಕು. ಅಕ್ಕೋರಿಗೆ ಮಂಡಿನೋವು, ಹೀಗೆ ಇಳಿದು ಹತ್ತಿ ಬೇಸತ್ತಿದ್ದರು. ಅದನ್ನೇ ಪ್ರಶ್ನೆ ಮಾಡಿದರು. ನಾಲ್ವರು ಪ್ರಯಾಣಿಕರು. ಒಬ್ಬರು ಮೊದಲ ಸ್ಟಾಪಿನಲ್ಲಿ ಇಳಿಯುತ್ತಾರೆ, ಇಬ್ಬರು ಎರಡನೆಯದರಲ್ಲಿ, ಒಬ್ಬರು ಮೂರನೆಯದರಲ್ಲಿ. ಯಾರೂ ಇನ್ನೊಬ್ಬರಿಗೆ ದಾರಿ ಬಿಡಲು ಇಳಿಯಬೇಕಾಗದಂತೆ ಎಷ್ಟು ಬಗೆಯಲ್ಲಿ ಕೂರಬಹುದು?

ಎಣಿಸಬೇಕಾದ ದಿನ ನನ್ನ ಮಗನಿಗೆ ಜ್ವರ. ಮನೆಯಿಂದ ಫೋನಿನ ಮೇಲೆ ಫೋನು. ಅಕ್ಕೋರು ತಮ್ಮ ಇಪ್ಪತ್ತು ಚೀಟಿ ಡಬ್ಬಿಗೆ ಹಾಕಿ ಡಾಕ್ಟರ ಹತ್ತಿರ ಮಂಡಿ ತೋರಿಸಲು ಹೋಗಿದ್ದರು. ನಾನು ಹತ್ತೊಂಬತ್ತನ್ನು ಪ್ರಾಮಾಣಿಕವಾಗಿ ಎಣಿಸಿದೆ, ಇದನ್ನು ದಯವಿಟ್ಟು ನಂಬಿ. ಕೊನೆಯದೊಂದು ಉಳಿದಿತ್ತು. ಡಬ್ಬಿಯ ಮುಚ್ಚಳ ತೆಗೆದು ಅವರ ಚೀಟಿ ಬಿಚ್ಚಿದೆ. ಎಂಟು ಎಂದಿತ್ತು. ನನ್ನ ಚೀಟಿಯಲ್ಲೂ ಎಂಟು ಎಂದು ಬರೆದು, ಎರಡನ್ನೂ ಮಡಚಿ ಹಾಕಿ, ಚಪ್ಪಲಿ ಮೆಟ್ಟಿ ಓಡಿದೆ.

ಪರೀಕ್ಷೆ ಮುಗಿಯಿತು. ಫಲಿತಾಂಶದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಆರು ಹೆಸರಿನ ಪಟ್ಟಿಯನ್ನೂ ಸರಿಯುತ್ತರಗಳ ಪಟ್ಟಿಯನ್ನೂ ಮೆಟ್ಟಿಲ ಬುಡದಲ್ಲಿ ಅಂಟಿಸಿ ಬಂದೆ. ಆರೂ ಮನೆಗಳಿಗೆ ಫೋನ್ ಮಾಡಿ ಹೇಳಿದ್ದೂ ನಾನೇ. ಆರನೆಯವಳು ಸೋನಾರ್‌ಪುರದ ಹುಡುಗಿ, ಹದಿನೇಳು ಅಂಕ. ಅವಳ ಅಪ್ಪ ಫೋನಿನಲ್ಲಿ "ಇನ್ನೊಂದು ಸಲ ಹೇಳಿ" ಎಂದರು. ಇನ್ನೊಂದು ಸಲ ಹೇಳಿದೆ. ಹೆಸರಿನ ಪಟ್ಟಿಯ ನಕಲು ಮಧ್ಯಾಹ್ನ ಮೂರು ಗಂಟೆಯೊಳಗೆ ಬಿಬಿಡಿ ಬಾಗ್‌ನ ಕಚೇರಿಗೆ ಮುಟ್ಟಬೇಕಿತ್ತು. ಒಮ್ಮೆ ಮುಟ್ಟಿದರೆ ಹಾಸ್ಟೆಲಿನ ಕೋಣೆಗಳು ನಿಗದಿಯಾದಂತೆ, ಮತ್ತೆ ಅದಲು ಬದಲು ಇಲ್ಲ.

ಹನ್ನೆರಡೂವರೆಗೆ ಒಬ್ಬ ಹುಡುಗಿ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು. ಚಂಪಾಹಾಟಿಯವಳು, ಹದಿನಾರು ಅಂಕ ಬಂದು ಏಳನೆಯ ಸ್ಥಾನದಲ್ಲಿದ್ದಳು. ಅಳುತ್ತಿರಲಿಲ್ಲ. ಕೈಯಲ್ಲಿ ಪ್ರವೇಶಪತ್ರ, ಅದರ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬಿಡಿಸಿದ ಆರು ಆಟೋ. ಪ್ರತಿ ಆಟೋದಲ್ಲಿ ನಾಲ್ಕು ಸೊನ್ನೆ, ಸೊನ್ನೆಯೊಳಗೆ ಇಳಿಯುವ ಸ್ಟಾಪಿನ ಗುರುತು. ಕೆಳಗೆ ಅಂಟಿಸಿದ್ದ ಉತ್ತರದ ಪಟ್ಟಿಯಲ್ಲಿ ಎಂಟು ಎಂದಿದೆ, ತಾನು ಆರು ಎಂದು ಬರೆದಿದ್ದೆ ಎಂದಳು. ಮೇಜಿನ ಮೇಲೆ ಕಾರ್ಡನ್ನಿಟ್ಟು ಅಕ್ಕೋರನ್ನು ಕೇಳಿದಳು:

"ದಿದಿಮೊನಿ, ಬಾಕಿ ದುಟೊ ಕೋಥಾಯ್?"

ಬಾಕಿ ಎರಡು ಎಲ್ಲಿ? ಅಷ್ಟೇ ಅವಳ ಪ್ರಶ್ನೆ. ವಾದವಿಲ್ಲ, ಬೇಡಿಕೆಯಿಲ್ಲ. ಅವಳು ಎಷ್ಟು ಹುಡುಕಿದರೂ ಆರೇ ಸಿಕ್ಕಿದ್ದವು. ಇನ್ನೆರಡನ್ನು ತೋರಿಸಿದರೆ ಹೊರಟುಹೋಗುತ್ತಿದ್ದಳು.

ಅಕ್ಕೋರು ನಕ್ಕು, ಕನ್ನಡಕ ಏರಿಸಿ, ಪೆನ್ಸಿಲು ತೆಗೆದುಕೊಂಡರು. ಮುಂದಿನ ಸೀಟಿಗೆ ನಾಲ್ವರಲ್ಲಿ ಯಾರಾದರೂ ಬರಬಹುದು. ಹಿಂದಿನವರು ಇಳಿಯುವ ಸರದಿಯಲ್ಲೇ ಕೂರಬೇಕು, ಆದರೆ ಒಂದೇ ಸ್ಟಾಪಿನ ಇಬ್ಬರು ತಮ್ಮಲ್ಲಿ ಜಾಗ ಬದಲಿಸಬಹುದು. ನಾಲ್ಕೆರಡಲಿ ಎಂಟು. ಹೀಗೆ ಹೇಳುತ್ತ ಏಳನೆಯ ಆಟೋದ ಗೆರೆ ಎಳೆದರು. ಮುಂದಿನ ಸೀಟಿನಲ್ಲಿ ಆ ಜೋಡಿಯ ಒಬ್ಬರನ್ನು ಕೂರಿಸಿದರು. ಪೆನ್ಸಿಲು ಅಲ್ಲೇ ನಿಂತಿತು.

ಜೋಡಿಯ ಒಬ್ಬರು ಮುಂದೆ ಬಂದರೆ ಹಿಂದೆ ಉಳಿದವರು ಮೂರು ಬೇರೆ ಬೇರೆ ಸ್ಟಾಪಿನವರು. ಜಾಗ ಬದಲಿಸಲು ಅಲ್ಲಿ ಜೋಡಿಯೇ ಇಲ್ಲ. ಇಲ್ಲದ ಅದಲುಬದಲನ್ನು ಎರಡು ಸಲ ಎಣಿಸಿಬಿಟ್ಟಿದ್ದರು. ಬಾಕಿ ಎರಡು ಆಟೋ ಎಲ್ಲೂ ಇರಲಿಲ್ಲ.

ಅಕ್ಕೋರ ಹೆಬ್ಬೆರಳು ಗೆಣ್ಣುಗಳ ಮೇಲೆ ಓಡುತ್ತಿತ್ತು, ಆರಕ್ಕೆ ಬಂದು ನಿಲ್ಲುತ್ತಿತ್ತು, ಮತ್ತೆ ಮೊದಲಿನಿಂದ ಓಡುತ್ತಿತ್ತು. "ಸಣ್ಣದು ಅಂತ ಬರದು ನೋಡಲಿಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. ಅಷ್ಟಮಿಯ ದಿನದ ಖುಷಿ ಆ ಮುಖದಲ್ಲಿ ಇರಲಿಲ್ಲ.

"ನೀ ಹ್ಯಾಂಗ ಎಣಿಸಿದಿ?"

"ಬೇರೆ ದಾರಿಯಲ್ಲಿ ಅಕ್ಕೋರೇ. ಕೊನೇ ಸ್ಟಾಪಿಂದ ಹಿಂದಕ್ಕೆ." ನನ್ನ ಬಾಯಿ ನನ್ನನ್ನು ಕೇಳದೆ ಹೇಳಿಬಿಟ್ಟಿತು.

"ಎಂಟು ಬಂತು?"

"ಬಂತು."

"ಬರದು ಎಣಿಸಿದ್ಯೇನು ತಂಗಿ?"

"ಹೂಂ, ಎಣಿಸ್ದೆ."

ಮೂರು ಸಲ ಕೇಳಿದರು, ಮೂರು ಸಲವೂ ನಾನು ಹಾಗೇ ಹೇಳಿದೆ. ಅವರು ಕಣ್ಣು ಮಿಟುಕಿಸದೆ ನನ್ನನ್ನು ಇನ್ನೂ ಒಂದು ಗಳಿಗೆ ನೋಡಿದರು. ಮತ್ತೆ ಕೇಳಲಿಲ್ಲ. ಎದ್ದು ಕಪಾಟಿನ ಬೀಗ ತೆಗೆದರು.

ನೂರಕ್ಕೂ ಮಿಕ್ಕ ಉತ್ತರಪತ್ರಿಕೆ. ಒಂದೊಂದರಲ್ಲೂ ಇಪ್ಪತ್ತನೇ ಪ್ರಶ್ನೆ ನೋಡಬೇಕು. ಎಂಟು ಎಂದವರಿಂದ ಒಂದಂಕ ಕಳೆಯಬೇಕು, ಆರು ಎಂದವರಿಗೆ ಒಂದಂಕ ಕೂಡಬೇಕು. ಅಕ್ಕೋರು ಒಂದು ಕೋಣೆಯಲ್ಲಿ, ನಾನು ಇನ್ನೊಂದರಲ್ಲಿ. ಚಂಪಾಹಾಟಿಯ ಹುಡುಗಿ ಮೆಟ್ಟಿಲ ಮೇಲೆ ಕೂತಿದ್ದಳು. ಅಕ್ಕೋರು ನೋಡಿ ಮುಗಿಸಿದ ಕಟ್ಟು ನನಗೆ, ನಾನು ಮುಗಿಸಿದ್ದು ಅವರಿಗೆ. ಎರಡು ಗಂಟೆಗೆ ಮುಗಿಯಿತು. ಮೇಲಿನ ಐವರು ಇದ್ದಲ್ಲೇ ಇದ್ದರು. ಚಂಪಾಹಾಟಿಯವಳು ಹದಿನೇಳಕ್ಕೆ ಏರಿದಳು. ಸೋನಾರ್‌ಪುರದವಳು ಎಂಟು ಎಂದು ಬರೆದಿದ್ದಳು, ಹದಿನಾರಕ್ಕೆ ಇಳಿದಳು. ಬದಲಾದದ್ದು ಆರನೆಯ ಹೆಸರು ಒಂದೇ.

ಅಕ್ಕೋರು ಟ್ರಸ್ಟಿನ ಕಾರ್ಯದರ್ಶಿಗೆ ಫೋನ್ ಮಾಡಿದರು. ಇಬ್ಬರಿಗೂ ಸೀಟು ಕೊಡಿ ಎಂದು ಮೊದಲು ಕೇಳಿದರು. ಹಾಸಿಗೆ ಇರುವುದೇ ಆರು ಎಂಬ ಉತ್ತರ ನನಗೂ ಕೇಳಿಸಿತು. ಆ ಮನುಷ್ಯ ಕೆಟ್ಟವರಲ್ಲ. ಹೇಳಿ ಆಗಿದೆ, ಒಂದು ಮನೆಯಲ್ಲಿ ಸಂತೋಷವಾಗಿದೆ, ಇನ್ನೊಂದು ಮನೆಯವರಿಗೆ ಆಸೆಯೇ ಹುಟ್ಟಿಲ್ಲ, ಇದ್ದದ್ದು ಇದ್ದ ಹಾಗೇ ಇರಲಿ ಬಿಡಿ ಎಂದರು. ನಿಜ ಹೇಳಬೇಕೆಂದರೆ ನನಗೂ ಅದು ಸರಿಯೆನಿಸಿತ್ತು. ಅಕ್ಕೋರು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂಗಾಳಿಯಲ್ಲಿ ಒಂದೊಂದೇ ಮಾತು ಬಿಡಿಸಿ ಹೇಳಿದರು. ಆಸೆ ಹುಟ್ಟದವಳು ನನ್ನ ಮೆಟ್ಟಿಲ ಮೇಲೆ ಕೂತಿದ್ದಾಳೆ. ಅವಳು ಸರಿ ಎಣಿಸಿದ್ದಾಳೆ. ತಪ್ಪು ಎಣಿಸಿದವಳು ನಾನು. ಹೊಸ ಪಟ್ಟಿ ಮೂರರೊಳಗೆ ಬರುತ್ತದೆ.

ಚಂಪಾಹಾಟಿಯ ಹುಡುಗಿಯನ್ನು ಒಳಗೆ ಕರೆದು ವಿಷಯ ಹೇಳಿದರು. ಅವಳು ಆಗ ಅತ್ತಳು. ಕೆಳಗಿನ ಸೀರೆ ಅಂಗಡಿಯ ಮ್ಯಾನೇಜರು ಪಟ್ಟಿ ಹಿಡಿದು ಟ್ಯಾಕ್ಸಿಯಲ್ಲಿ ಬಿಬಿಡಿ ಬಾಗ್‌ಗೆ ಹೊರಟರು. ಮುಗಿಯಿತು ಎಂದುಕೊಂಡು ನಾನು ನೀರಿನ ಬಾಟಲಿಗೆ ಕೈ ಹಾಕಿದೆ. ಅಕ್ಕೋರು ಚಪ್ಪಲಿ ಮೆಟ್ಟುತ್ತಿದ್ದರು.

"ನಡಿ, ಸೋನಾರ್‌ಪುರಕ್ಕ."

"ಫೋನ್ ಮಾಡಿ ಹೇಳಿದ್ರೆ ಆಗಲ್ವಾ ಅಕ್ಕೋರೇ?"

"ಕೊಟ್ಟಾಗ ಫೋನ್ ಸಾಕು. ಕಸಗೊಳ್ಳಬೇಕಾದ್ರ ಮುಖ ತೋರಿಸಬೇಕು."

ಬಾಲಿಗಂಜ್ ಸ್ಟೇಷನ್ನಿನಿಂದ ಲೋಕಲ್ ಹಿಡಿದೆವು. ಲೇಡೀಸ್ ಡಬ್ಬಿ ತುಂಬಿ ತುಳುಕುತ್ತಿತ್ತು, ಯಾರೋ ಎದ್ದು ಅಕ್ಕೋರಿಗೆ ಜಾಗ ಕೊಟ್ಟರು. ಪ್ರತಿ ಸ್ಟೇಷನ್ನಿನಲ್ಲೂ ನಾನು ಹೇಳಿಬಿಡಬೇಕು ಎಂದುಕೊಂಡೆ, ರೈಲು ಹೊರಟ ಮೇಲೆ ಮುಂದಿನದರಲ್ಲಿ ಎಂದುಕೊಂಡೆ.

ಮನೆ ಹಳಿಯ ಪಕ್ಕದಲ್ಲೇ ಇತ್ತು. ಮುಂದೆ ಸೈಕಲ್ ರಿಪೇರಿ ಅಂಗಡಿ, ಹಿಂದೆ ಒಂದೇ ಕೋಣೆ. ನಾವು ಬಾಗಿಲಿಗೆ ಬಂದದ್ದೇ ತಡ ಅಪ್ಪ ಗ್ರೀಸಿನ ಕೈ ಒರೆಸಿಕೊಂಡು ಎದ್ದು ಬಂದರು, ತಾಯಿ ಶಂಖ ಊದಿದರು. ದಿದಿಮೊನಿ ತಾವಾಗಿ ಅಭಿನಂದಿಸಲು ಬಂದಿದ್ದಾರೆ ಎಂದು ತಿಳಿದಿದ್ದರು. ಕೂರುವ ಮೊದಲೇ ತಟ್ಟೆಯಲ್ಲಿ ಎರಡೆರಡು ಸಂದೇಶ್ ಮಿಠಾಯಿ, ಗ್ಲಾಸಿನಲ್ಲಿ ನೀರು. ಹುಡುಗಿ ಅಪ್ಪನ ಹಿಂದೆ ನಿಂತು ನಾಚಿಕೆಯಿಂದ ನಗುತ್ತಿದ್ದಳು. ತಲೆಗೆ ಎಣ್ಣೆ ಹಚ್ಚಿ ಬಾಚಿ ಬಿಗಿಯಾಗಿ ಹೆಣೆದ ಜಡೆ, ಹೊಸ ರಿಬ್ಬನ್ನು.

ಅಕ್ಕೋರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡರು. ಮುಟ್ಟಲಿಲ್ಲ. ಸುತ್ತು ಬಳಸದೆ ಹೇಳಿದರು. ಒಂದು ಪ್ರಶ್ನೆಯ ಉತ್ತರ ನಮ್ಮಲ್ಲಿ ತಪ್ಪಾಗಿತ್ತು. ಸರಿ ಮಾಡಿದ ಮೇಲೆ ಆರನೆಯ ಹೆಸರು ಬದಲಾಗಿದೆ. ನಿಮ್ಮ ಮಗಳಿಗೆ ಸೀಟಿಲ್ಲ.

ತಾಯಿ ಕೈಯಲ್ಲಿದ್ದ ಶಂಖವನ್ನು ಮೆಲ್ಲಗೆ ಕೆಳಗಿಟ್ಟರು. ಹುಡುಗಿಯ ನಗು ಒಮ್ಮೆಗೇ ಹೋಗಲಿಲ್ಲ, ಮಾತು ಅರ್ಥವಾಗುವ ತನಕ ಮುಖದ ಮೇಲೆ ಹಾಗೇ ಉಳಿದಿತ್ತು. ಅದನ್ನು ನೋಡಲಾರದೆ ನಾನು ನನ್ನ ತಟ್ಟೆಯನ್ನು ನೋಡಿದೆ. ಅಪ್ಪ ಒಂದೇ ಮಾತು ಕೇಳಿದರು:

"ಭುಲ್‌ಟಾ ಕಾರ್?"

ತಪ್ಪು ಯಾರದು?

"ಆಮಾರ್," ಎಂದರು ಅಕ್ಕೋರು. ನನ್ನದು. ಅವರ ಕಣ್ಣು ಕೂದಲೆಳೆಯಷ್ಟೂ ನನ್ನ ಕಡೆ ತಿರುಗಲಿಲ್ಲ. ನಾನು ಬಾಯಿ ಬಿಡಲಿಲ್ಲ. ಎಪ್ಪತ್ತು ದಾಟಿದ ಹೆಂಗಸು ಅಲ್ಲಿ ಕೈಮುಗಿದು ತಲೆ ತಗ್ಗಿಸಿದ್ದರು, ನಾನು ಅವರ ಪಕ್ಕದಲ್ಲಿ ಸಾಕ್ಷಿಯ ಹಾಗೆ ಕೂತಿದ್ದೆ. ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಹಿಂದೆ ಎಂದೂ ಆಗಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಎರಡು ವರ್ಷ ಅವಳಿಗೆ ತಾನೇ ಕಲಿಸುತ್ತೇನೆ, ದಿನಾ ಬರಲಿ ಎಂದು ಅಕ್ಕೋರು ಹೇಳಿದರು. ಅಪ್ಪ ತಲೆಯಾಡಿಸಿದರು. ಅದು ಹೂಂ ಎಂದೋ ಹೋಗಿ ಎಂದೋ ತಿಳಿಯಲಿಲ್ಲ.

ವಾಪಸಿನ ರೈಲಿನಲ್ಲಿ ಬಾಗಿಲ ಪಕ್ಕ ನಿಂತೆವು. ಇಳಿಬಿಸಿಲು ಅಕ್ಕೋರ ಮುಖಕ್ಕೆ ಹೊಡೆಯುತ್ತಿತ್ತು. ರೈಲು ಹೊರಟು ಸ್ವಲ್ಪ ದೂರ ಬಂದ ಮೇಲೆ ಹೊರಗೆ ನೋಡುತ್ತಲೇ ಹೇಳಿದರು:

"ಎರಡು ಬ್ಯಾರೆ ಬ್ಯಾರೆ ದಾರಿ ಹಿಡದವರು ಒಂದ ತಪ್ಪು ಊರಿಗೆ ಹೋಗಿ ಮುಟ್ಟಂಗಿಲ್ಲ, ತಂಗಿ."

ಮಧ್ಯಾಹ್ನ ಹನ್ನೆರಡೂವರೆಗೇ ಅವರಿಗೆ ಗೊತ್ತಾಗಿತ್ತು. ನನ್ನ ಬಾಯಿಂದ ಎಂಟು ಎಂಬ ಮಾತು ಬಿದ್ದ ಕ್ಷಣವೇ. ಜೀವನವಿಡೀ ಎಣಿಸಿದವರಿಗೆ ಇಬ್ಬರು ಬೇರೆ ಬೇರೆಯಾಗಿ ಎಣಿಸಿ ಒಂದೇ ತಪ್ಪು ಸಂಖ್ಯೆಗೆ ಬರುವುದು ಎಷ್ಟು ಅಪರೂಪ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ.

"ನಾನು ಎಣಿಸಿರ್ಲಿಲ್ಲ ಅಕ್ಕೋರೇ," ಎಂದೆ. "ಮಗೂಗೆ ಜ್ವರ ಇತ್ತು. ನಿಮ್ಮ ಚೀಟಿ ತೆಗೆದು ನೋಡ್ಬಿಟ್ಟೆ."

"ಗೊತ್ತದ."

"ಮತ್ತೆ ಅಲ್ಲಿ ಯಾಕೆ ಹೇಳ್ಲಿಲ್ಲ? ಅವರ ಮುಂದೆ?"

"ನನ್ನ ಎಣಿಕಿ ತಪ್ಪಿತ್ತು, ನಂದು ನಾ ಹೇಳಿದೆ. ನಿಂದು ನೀ ಹೇಳ್ತೀ ಅಂತ ಕಾಯ್ಲಿಕ್ಹತ್ತಿದ್ದೆ."

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಹೇಳಿದ್ದರಿಂದ ಎದೆ ಹಗುರಾಗಿತ್ತು. ಸಮಾಧಾನದ ಮಾತೊಂದನ್ನು ನಿರೀಕ್ಷಿಸುತ್ತಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ. ರೈಲು ನರೇಂದ್ರಪುರದಲ್ಲಿ ನಿಂತಿತು. ಅಕ್ಕೋರು ಸರಳು ಹಿಡಿದುಕೊಂಡು, ನೋಯುವ ಮಂಡಿಯ ಕಾಲನ್ನು ಮೊದಲು ಕೆಳಗಿಟ್ಟು, ಪ್ಲಾಟ್‌ಫಾರಂಗೆ ಇಳಿದರು. ತಿರುಗಿ ನನ್ನನ್ನು ನೋಡಿದರು.

"ನನ್ನ ಮುಂದ ಹೇಳಿ ಏನು ಬಂತು? ಸೀಟು ಹೋದದ್ದು ನಂದಲ್ಲ. ಇಳಿ."

ಇಳಿದೆ. ಸೋನಾರ್‌ಪುರಕ್ಕೆ ಮರಳುವ ರೈಲಿಗೆ ಸೇತುವೆಯ ಮೆಟ್ಟಿಲು ಹತ್ತಿ ಆಚೆ ಪ್ಲಾಟ್‌ಫಾರಂಗೆ ಹೋಗಬೇಕಿತ್ತು. ಅವರು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು, ನಡುವೆ ಎರಡು ಸಲ ನಿಂತರು. ನಾನು ಕೈ ಕೊಡಹೋದರೆ ಬೇಡವೆಂದರು.

ಸೋನಾರ್‌ಪುರದಲ್ಲಿ ಸೈಕಲ್ ಅಂಗಡಿಯ ಷಟರು ಅರ್ಧ ಎಳೆದಿತ್ತು. ಪಕ್ಕದ ಬಾಗಿಲು ತಟ್ಟಿದೆ. ಅಕ್ಕೋರು ಹಿಂದೆಯೇ ನಿಂತರು. ತೆರೆದವಳು ಹುಡುಗಿ. ರಿಬ್ಬನ್ನು ಬಿಚ್ಚಿದ್ದಳು, ಕಣ್ಣು ಊದಿತ್ತು. ಒಳಗಿನ ಮಂಚದ ಮೇಲೆ ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

ಬಂಗಾಳಿಯಲ್ಲಿ ನನಗೆ ತಿಳಿದ ಸರಳವಾದ ಮಾತಿನಲ್ಲೇ ಹೇಳಿದೆ. "ಆಮಿ ಗುನಿನಿ." ನಾನು ಎಣಿಸಿರಲಿಲ್ಲ. ದಿದಿಮೊನಿ ತಪ್ಪಿದರೆ ಹಿಡಿಯಬೇಕಾದವಳು ನಾನು, ಅವರ ಚೀಟಿ ನೋಡಿ ಬರೆದೆ. ಎಣಿಸಿದ್ದರೆ ನಿನಗೆ ಬೆಳಿಗ್ಗೆ ಆ ಫೋನು ಬರುತ್ತಿರಲಿಲ್ಲ.

ಬೈಯುತ್ತಾಳೆ, ಬಾಗಿಲು ಹಾಕುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಮುಖವನ್ನೇ ನೋಡುತ್ತ ಕೇಳಿದಳು:

"ಎಖೊನ್ ಗುನೇಛೇನ್?"

ಈಗಲಾದರೂ ಎಣಿಸಿದಿರಾ?

ಹೂಂ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಆಗ ಹೊಳೆಯಿತು. ಅಕ್ಕೋರು ಎಂಟು ಎಂದಾಗ ಎಂಟು ಎಂದಿದ್ದೆ, ಆರು ಎಂದಾಗ ಆರು ಎಂದಿದ್ದೆ. ಅವಳ ಒಂದಂಕವನ್ನು ನನ್ನ ಕೈಯಾರೆ ಕಳೆದಿದ್ದೆ. ಒಂದು ಆಟೋವನ್ನೂ ಬಿಡಿಸಿ ನೋಡಿರಲಿಲ್ಲ.

"ಇಲ್ಲ," ಎಂದೆ.

ಅವಳು ಒಳಗೆ ಹೋದಳು. ಒಂದು ನೋಟ್‌ಬುಕ್ಕು, ಪೆನ್ಸಿಲು ತಂದು ನನ್ನ ಕೈಗೆ ಕೊಟ್ಟು, ಎಣಿಸುವುದನ್ನು ನೋಡಲು ಹೊಸ್ತಿಲ ಮೇಲೆ ಕೂತಳು.